ಎದೆಗೋ, ಕೈಗೋ

ಒಂದು ಜಡೆ ಮುಗಿದಿತ್ತು. ಇನ್ನೊಂದರ ಮೂರು ಎಳೆಗಳು ಅವಳ ಬೆರಳುಗಳ ನಡುವೆ ಇದ್ದವು. ಅಷ್ಟರಲ್ಲಿ ಅಂಗಳದಲ್ಲಿ ಬೈಕೊಂದು ಬಂದು ನಿಂತ ಸದ್ದಾಯಿತು.

ಆ ಸದ್ದು ಅವಳಿಗೆ ಗೊತ್ತು. ಎಂಜಿನ್ ಆರಿಸುವ ಮುನ್ನ ಒಮ್ಮೆ ಸಣ್ಣಗೆ ಆಕ್ಸಿಲರೇಟರ್ ತಿರುಗಿಸುವ ಅಭ್ಯಾಸ ಇದ್ದದ್ದು ಒಬ್ಬರಿಗೇ.

ಬೆರಳುಗಳು ಅಲ್ಲೇ ನಿಂತವು.

"ಅಮ್ಮಾ, ಎಳೀತಿದ್ದೀಯ," ಎಂದಳು ಗುಬ್ಬಿ. ಆಮೇಲೆ ಅವಳೂ ಕಿವಿಗೊಟ್ಟಳು. ಏನನ್ನೋ ಕೇಳಲು ಬಾಯಿ ತೆರೆದವಳು ಅಮ್ಮನ ಮುಖ ನೋಡಿ ಹಾಗೇ ನುಂಗಿಕೊಂಡಳು. ಒಂದನೇ ತರಗತಿಯ ಮಗು. ಆದರೆ ಯಾವ ಮಾತಿಗೆ ಅಮ್ಮನ ಮುಖ ಬಾಡುತ್ತದೆ ಎನ್ನುವುದು ಅದಕ್ಕೆ ಬಾಯಿಪಾಠ.

ಈ ಹೊತ್ತಿನಲ್ಲಿ ಇವರ್ಯಾಕೆ ಬಂದರು...?

ಬಾಗಿಲು ತೆರೆದಾಗ ಗಂಡ ಹೊಸ್ತಿಲಿನಿಂದ ಎರಡು ಹೆಜ್ಜೆ ಆಚೆಯೇ ನಿಂತಿದ್ದ. ಯಾವಾಗಲೂ ಹಾಗೇ. ಮಗಳನ್ನು ನೋಡಲು ಬಂದಾಗಲೆಲ್ಲ ಅಂಗಳದಲ್ಲೇ ಮಾತಾಡಿಸಿ, ಅಂಗಳದಿಂದಲೇ ಹೋಗುತ್ತಿದ್ದ. ಕೆಳಗಿನ ಪೇಟೆಯಲ್ಲಿ ಬೈಕುಗಳ ವೈರಿಂಗ್ ಅಂಗಡಿ ಅವನದು. ಇವತ್ತು ಕೈಯಲ್ಲಿ ಟೂಲ್ಸಿನ ಚೀಲ, ಹೆಗಲಲ್ಲಿ ಒಂದು ದೊಡ್ಡ ಬ್ಯಾಗು.

"ನಿಮ್ಮ ಆಸ್ಪತ್ರೆ ಡಾಕ್ಟರಮ್ಮ ಆರ್ಡರ್ ಕೊಟ್ಟಿದ್ರು," ಎಂದ. "ಕರೆಂಟಲ್ಲಿ ಬಿಸಿಯಾಗೋ ಬಟ್ಟೆ. ನಿನ್ನ ಬೈಕಿಗೆ ವೈರ್ ಎಳೀಬೇಕು."

"ಅಂಗಡೀಲಿ ಬೇರೆ ಯಾರೂ ಇರ್ಲಿಲ್ವಾ?"

"ಇದ್ರು."

ಅಷ್ಟೇ ಹೇಳಿ ಅವನು ಅವಳ ಬೈಕಿನ ಸೀಟು ಬಿಚ್ಚಲು ಕೂತ. ಸೀಟಿನ ಮೇಲೆ ಇಬ್ಬನಿ ಗಟ್ಟಿಯಾಗಿ ಬಿಳಿಯ ಪೊರೆಯಾಗಿತ್ತು.

ಇದ್ರು ಅಂತೆ. ಹಾಗಾದರೆ ತಾವೇ ಯಾಕೆ ಬರಬೇಕಿತ್ತು? ಕೈಲಾಗಲ್ಲ ಎಂದು ತಾವೇ ಬಿಟ್ಟವಳು ಈಗ ಹೇಗಿದ್ದಾಳೆ ಎಂದು ನೋಡಿಕೊಂಡು ಹೋಗಲಿಕ್ಕಾ?

ಆ ಮಾತನ್ನು ಅವಳು ಇನ್ನೂ ಮರೆತಿರಲಿಲ್ಲ.

ಸುತ್ತಲಿನವರಿಗೆಲ್ಲ ಅವಳು ನರ್ಸಮ್ಮ. ಲಸಿಕೆಯ ಪೆಟ್ಟಿಗೆಯನ್ನು ಬೈಕಿನ ಹಿಂದೆ ಕಟ್ಟಿಕೊಂಡು ಬೆಟ್ಟದ ಮೇಲಿನ ಮನೆಗಳಿಗೆ ಹೋಗಿ ಬರುವವಳು. ಕಳೆದ ಚಳಿಗಾಲದಲ್ಲಿ ಹೀಗೇ ಹೋದವಳ ಬೆರಳುಗಳು ಮರಗಟ್ಟಿ, ತಿರುವಿನಲ್ಲಿ ಬ್ರೇಕ್ ಹಿಡಿಯಲಾಗದೆ ಬಿದ್ದಿದ್ದಳು. ಬಲಗೈಯ ಎರಡು ಬೆರಳ ತುದಿ ಕಪ್ಪಾಗಿತ್ತು. ಆಸ್ಪತ್ರೆಯಲ್ಲಿ ಔಷಧಿಯ ಮಂಪರಿನಿಂದ ಕಣ್ಣು ಬಿಡುವಾಗ ಪರದೆಯ ಆಚೆ ಗಂಡನ ದನಿ ಕೇಳಿಸಿತ್ತು. "ಇನ್ನು ನನ್ನ ಕೈಲಾಗಲ್ಲ ಡಾಕ್ಟ್ರೇ... ದಯವಿಟ್ಟು."

ಅದೊಂದೇ ಮಾತು. ಅವಳು ಮತ್ತೆ ಕಣ್ಣು ಮುಚ್ಚಿಕೊಂಡಿದ್ದಳು.

ಬೇಡವಾದವಳಾಗಿ ಒಂದು ಮನೆಯಲ್ಲಿ ಇರುವುದು ಹೇಗೆ? ಗಾಯ ಮಾಗಿದ ಮೇಲೆ ಡಾಕ್ಟರಮ್ಮನಿಗೆ ಹೇಳಿ ಆಸ್ಪತ್ರೆಯ ಹಿಂಭಾಗದ ಈ ಎರಡು ಕೋಣೆ ಕೇಳಿ ಪಡೆದಳು. ಮಗಳನ್ನು ಕರೆದುಕೊಂಡು ಹೊರಟಾಗ ಅವನು ತಡೆಯಲಿಲ್ಲ. ಯಾಕೆ ಎಂದೂ ಕೇಳಲಿಲ್ಲ. ಅವಳೂ ಕೇಳಲಿಲ್ಲ. ಕೇಳಿದಾಗ ಅವನು ಹೌದು ಎಂದುಬಿಟ್ಟರೆ?

ಬ್ಯಾಟರಿಯಿಂದ ವೈರು ಎಳೆದು, ಫ್ಯೂಸ್ ಕೂರಿಸಿ ಮುಗಿಸುವ ಹೊತ್ತಿಗೆ ಗುಬ್ಬಿಯನ್ನು ನೋಡಿಕೊಳ್ಳಲು ಆಯಮ್ಮ ಬಂದಳು. ಇಬ್ಬರ ಮುಖವನ್ನೂ ಒಮ್ಮೆ ನೋಡಿ, ಬೈಕಿಗೆ ವೈರ್ ಹಾಕೋರು ತುಂಬಾ ಜನ ಇದ್ದಾರೆ, ಗಂಡ ಹೆಂಡತಿ ಮಧ್ಯೆ ಹರಿದಿರೋ ವೈರು ಜೋಡಿಸೋರೇ ಇಲ್ಲ ಎಂದು ಗಾಳಿಗೆ ಹೇಳುವವಳಂತೆ ಹೇಳಿ ಒಳಗೆ ಹೋದಳು. ಅವನು ತಲೆ ಎತ್ತಲಿಲ್ಲ. ಕಿವಿ ಮಾತ್ರ ಕೆಂಪಾಯಿತು.

ಬ್ಯಾಗಿನಿಂದ ಅವನು ಎರಡು ವಸ್ತು ತೆಗೆದು ಕಟ್ಟೆಯ ಮೇಲಿಟ್ಟ. ಒಂದು, ತೆಳ್ಳಗಿನ ತೋಳಿಲ್ಲದ ಜಾಕೆಟ್. ಇನ್ನೊಂದು, ಒಂದು ಜೊತೆ ಗ್ಲೌಸು.

ಸಣ್ಣ ಬೈಕು, ಅದು ಹುಟ್ಟಿಸುವ ಕರೆಂಟೂ ಸಣ್ಣದು. ಹೆಡ್‌ಲೈಟಿಗೆ ಹೋಗಿ ಉಳಿಯುವುದರಲ್ಲಿ ಒಂದನ್ನು ಮಾತ್ರ ಬಿಸಿ ಮಾಡಬಹುದು ಎಂದು ಅವನು ವಿವರಿಸಿದ. ಎರಡನ್ನೂ ಹಾಕಿದರೆ ದಾರಿಯಲ್ಲೇ ಬ್ಯಾಟರಿ ಕೂತುಬಿಡುತ್ತದೆ. ಒಳಗೇ ಸೆಲ್ ಇರುವ ಗ್ಲೌಸೂ ಸಿಗುತ್ತವೆ, ಆದರೆ ಅವು ಅರ್ಧ ಬೆಟ್ಟ ಹತ್ತುವಷ್ಟರಲ್ಲಿ ತಣ್ಣಗಾಗುತ್ತವೆ. ಪರಕೀಯರಿಗೆ ಹೇಳುವ ಹಾಗೆ ಹೇಳಿದ. ಅವಳೂ ಪರಕೀಯಳ ಹಾಗೆ ಕೇಳಿಸಿಕೊಂಡಳು.

"ಹಾಗಾದ್ರೆ ಎದೆಗೋ, ಕೈಗೋ?"

"ಎದೆಗೆ," ಎಂದ ಅವನು. ಒಂದು ಕ್ಷಣವೂ ಯೋಚಿಸಲಿಲ್ಲ.

"ಕಳೆದ ಸಲ ಮರಗಟ್ಟಿದ್ದು ನನ್ನ ಕೈ."

"ಗೊತ್ತು."

"ಗೊತ್ತಿದ್ದೂ ಕೈಗೆ ಬೇಡ ಅಂತೀರಾ?"

ಅವನು ತಾಳ್ಮೆಯಿಂದಲೇ ಹೇಳಿದ. ಎದೆ ತಣ್ಣಗಾದರೆ ದೇಹ ಮೊದಲು ಬೆರಳಿನ ರಕ್ತವನ್ನೇ ಒಳಗೆ ಎಳೆದುಕೊಳ್ಳುತ್ತದೆ, ಎದೆ ಬೆಚ್ಚಗಿದ್ದರೆ ಬೆರಳಿಗೂ ಪಾಲು ಸಿಗುತ್ತದೆ, ಗಾಳಿ ತಡೆಯಲು ಹ್ಯಾಂಡಲಿಗೆ ದಪ್ಪ ಕವರ್ ಹಾಕಿದ್ದೇನೆ ಎಂದ.

"ನಾನು ನರ್ಸು. ರಕ್ತದ ಪಾಠ ನಂಗೆ ಹೇಳ್ಬೇಡಿ."

ಅವನು ಹೇಳಿದ್ದು ಸರಿ ಎಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಇನ್ನಷ್ಟು ಉರಿಯಿತು. ಆ ಜಾಕೆಟ್ಟನ್ನು ಕಿತ್ತುಕೊಂಡಂತೆ ಎತ್ತಿಕೊಂಡು ಒಳಗೆ ಹೋಗಿ ಚಿಲಕ ಹಾಕಿದಳು.

"ಒಳಗೆ ಏನೇನು ಹಾಕಿದ್ದೀಯ ಅಂತ ನೋಡ್ಬೇಕಿತ್ತು," ಎಂದಿತು ಬಾಗಿಲಾಚೆಯ ದನಿ. "ಅದು ಮೈಗೆ..."

"ಗೊತ್ತು ಅಂದ್ನಲ್ಲ."

ಗುಬ್ಬಿ ಬಾಗಿಲ ಈಚೆ ನಿಂತು ಅಮ್ಮ ಜಿಪ್ ಎಳೆಯುವುದನ್ನೇ ನೋಡುತ್ತಿದ್ದಳು. ಬಾಯಿ ಮತ್ತೆ ತೆರೆಯಿತು. ಮತ್ತೆ ಮುಚ್ಚಿತು.

*

ಬೆಟ್ಟದ ರಸ್ತೆ ಖಾಲಿಯಾಗಿತ್ತು. ಹಿಂದೆ ಲಸಿಕೆಯ ಪೆಟ್ಟಿಗೆ. ಮೇಲಿನ ಶಾಲೆಯ ಕೋಣೆಯಲ್ಲಿ ತಾಯಂದಿರು ಮಕ್ಕಳನ್ನು ಹೊದಿಸಿಕೊಂಡು ಕಾಯುತ್ತಿರುತ್ತಾರೆ.

ಸ್ವಿಚ್ ಒತ್ತಿದ್ದಳು. ಎದೆಯ ಬಳಿ ಕೆಂಪು ದೀಪವೂ ಹೊತ್ತಿಕೊಂಡಿತ್ತು. ಆದರೆ ಬಿಸಿ ಎಲ್ಲಿ?

ಸ್ವಲ್ಪ ದೂರ ಹೋದರೆ ಬರಬಹುದು ಎಂದುಕೊಂಡಳು. ಬರಲಿಲ್ಲ. ಮೊದಲ ಏರು ದಾಟಿದಳು, ಎರಡನೆಯದನ್ನೂ ದಾಟಿದಳು. ಚಳಿ ಮೊಣಕಾಲಿನಿಂದ ಹತ್ತಿ ಹೊಟ್ಟೆಗೆ ಬಂತು. ಭುಜ ತಾನಾಗಿ ಕಿವಿಯ ಹತ್ತಿರಕ್ಕೆ ಏರಿತು. ಕವರಿನ ಒಳಗಿದ್ದರೂ ಬಲಗೈಯ ಆ ಎರಡು ಬೆರಳು ಮೊದಲು ಚುಚ್ಚಿದವು. ಆಮೇಲೆ... ಚುಚ್ಚುವುದನ್ನೂ ನಿಲ್ಲಿಸಿದವು.

ಅವಳಿಗೆ ಆ ಮೌನ ಗೊತ್ತಿತ್ತು. ಕಳೆದ ಸಲವೂ ಹೀಗೇ ಆಗಿತ್ತು.

ಕೆಟ್ಟು ಹೋದದ್ದನ್ನೇ ತಂದುಕೊಟ್ಟರಾ? ಇಲ್ಲ, ಬೇಕೆಂದೇ...? ಅರ್ಧದಲ್ಲೇ ಸೋತು ವಾಪಸ್ ಬರಲಿ ಅಂತ?

ತಿರುವಿಗೆ ಮೊದಲೇ ಒಂದು ಬಸ್ ತಂಗುದಾಣ. ಹೇಗೋ ಕ್ಲಚ್ ಹಿಡಿದು, ಕಾಲೂರಿ, ಬೈಕನ್ನು ಅದರ ಗೋಡೆಗೆ ಒರಗಿಸಿದಂತೆ ನಿಲ್ಲಿಸಿದಳು. ಹಿಂದಿನಿಂದ ಇನ್ನೊಂದು ಬೈಕು ಬಂದು ನಿಂತಿತು. ಆರುವ ಮುನ್ನ ಒಮ್ಮೆ ಸಣ್ಣಗೆ ಗುರುಗುಟ್ಟಿತು.

"ಹಿಂದೆ ಬರೋಕೆ ನಿಮಗೆ ಯಾರು ಹೇಳಿದ್ರು?"

"ಯಾರೂ ಹೇಳಲಿಲ್ಲ. ಬ್ಯಾಟರಿ ತಡೆಯುತ್ತೋ ಇಲ್ವೋ ನೋಡೋಕೆ ಬಂದೆ."

"ಬಿಸಿನೇ ಆಗ್ತಿಲ್ಲ. ನಿಜ ಹೇಳಿ, ಬೇಕಂತ್ಲೇ ಮಾಡಿದ್ರಾ?"

ಅವನ ಮುಖ ಬಿಳಿಚಿಕೊಂಡಿತು. ಅವನು ಹತ್ತಿರ ಬಂದು, ಜಿಪ್ ತೆಗೀಲಾ ಎಂದು ಕೇಳಿದ. ಹತ್ತು ವರ್ಷ ಜೊತೆಯಲ್ಲಿ ಬಾಳಿದವನು ಒಂದು ಜಿಪ್ಪಿಗೆ ಅನುಮತಿ ಕೇಳುತ್ತಿದ್ದ! ಅವಳು ಮುಖ ಪಕ್ಕಕ್ಕೆ ತಿರುಗಿಸಿ ತಲೆಯಾಡಿಸಿದಳು.

ಮೇಲಿನ ಕೋಟು ಸರಿಸಿ, ಜಾಕೆಟ್ಟಿಗೂ ಅದರ ಕೆಳಗಿನ ಉಣ್ಣೆಗೂ ನಡುವೆ ಅವನು ಅಂಗೈ ಇಟ್ಟ. ಇಟ್ಟವನೇ ಅವಳ ಕಣ್ಣು ನೋಡಿದ.

"ಸುಡ್ತಾ ಇದೆ," ಎಂದ. "ಒಳಗೆ ಎಷ್ಟು ಸ್ವೆಟರ್?"

"...ಎರಡು."

"ಇದು ಮೈಗೆ ಅಂಟಿರಬೇಕು. ತೆಳ್ಳಗಿನ ಒಂದು ಅಂಗಿ ಮೇಲೆ ಇದು, ಇದರ ಮೇಲೆ ಸ್ವೆಟರ್. ಮಧ್ಯ ಇಷ್ಟೆಲ್ಲ ಇದ್ರೆ ಬಿಸಿ ನಿನ್ನ ತನಕ ಹೇಗೆ ಬರುತ್ತೆ?"

ಅದನ್ನೇ ಅವನು ಬಾಗಿಲಾಚೆ ಹೇಳಹೊರಟಿದ್ದ. ಅವಳೇ ಹೇಳಗೊಡಲಿಲ್ಲ.

ಅವನು ರಸ್ತೆಯ ಕಡೆ ಮುಖ ಮಾಡಿ, ತನ್ನ ಕೋಟನ್ನು ಬಿಚ್ಚಿ ಎರಡು ಕೈಯಲ್ಲೂ ಅಗಲವಾಗಿ ಹಿಡಿದು ಪರದೆಯ ಹಾಗೆ ನಿಂತ. ಅವಳು ಅವಸರವಸರವಾಗಿ ಸ್ವೆಟರುಗಳನ್ನು ತೆಗೆದು, ಜಾಕೆಟ್ಟನ್ನು ಒಳಗೆ ಹಾಕಿಕೊಂಡು, ಅದರ ಮೇಲೆ ಎಲ್ಲವನ್ನೂ ಮತ್ತೆ ಹೇರಿಕೊಂಡಳು. ವೈರು ಚುಚ್ಚಿದಳು.

ಬಿಸಿ ಮೊದಲು ಬೆನ್ನಿಗೆ ಬಂತು. ಆಮೇಲೆ ಎದೆಗೆ. ಯಾರೋ ಹಿಂದಿನಿಂದ ಬಂದು ಮಾತಿಲ್ಲದೆ ತಬ್ಬಿಕೊಂಡ ಹಾಗೆ. ಸ್ವಲ್ಪ ಹೊತ್ತಿಗೆ ಬೆರಳುಗಳಿಗೆ ಜೀವ ಬಂದು, ಜೊತೆಗೇ ನೋವೂ ಬಂತು. ಕಣ್ಣಲ್ಲಿ ನೀರು ತುಂಬಿತು. ಇಷ್ಟು ದಿನ ಕಟ್ಟಿಟ್ಟುಕೊಂಡಿದ್ದ ಮಾತು ಆ ನೀರಿನ ಜೊತೆಯೇ ಹೊರಗೆ ಬಂತು.

"ಕೈಲಾಗಲ್ಲ ಅಂದ್ರಲ್ಲ ಆವತ್ತು. ಆಸ್ಪತ್ರೆಯಲ್ಲಿ, ಪರದೆ ಆಚೆ. 'ಇನ್ನು ನನ್ನ ಕೈಲಾಗಲ್ಲ' ಅಂತ. ನಂಗೆ ಕೇಳಿಸಿತ್ತು."

ಅವನು ಕೋಟನ್ನು ನಿಧಾನವಾಗಿ ಕೆಳಗಿಳಿಸಿದ.

"ಅದಕ್ಕಾ ಹೋಗಿದ್ದು?"

"ಮತ್ತೆ? ನನ್ನ ಜೊತೆ ಬಾಳೋಕೆ ಆಗಲ್ಲ ಅಂದವರ ಮನೇಲಿ..."

"ಡ್ರೆಸ್ಸಿಂಗ್ ಮಾಡುವಾಗ ನಿನ್ನ ಕೈ ಅಲ್ಲಾಡದ ಹಾಗೆ ಹಿಡ್ಕೊಳ್ಳಿ ಅಂದ್ರು ಡಾಕ್ಟ್ರು." ಅವನ ದನಿ ಒಡೆಯಿತು. "ಒಂದು ಬೆರಳು ಆಯ್ತು. ನೀನು ಮಂಪರಲ್ಲೇ ನರಳಿದೆ, ನನ್ನ ಹೆಸರು ಹಿಡಿದು ಕೂಗಿದೆ. ಎರಡನೇ ಬೆರಳಿಗೆ ನನ್ನ ಕೈಲಾಗ್ಲಿಲ್ಲ. ಎದ್ದು ಪರದೆ ಆಚೆ ಹೋದೆ. ಅದನ್ನೇ ಹೇಳಿದ್ದು."

ಒಂದು ಮಾತು. ಒಂದೇ ಒಂದು ಮಾತನ್ನು ಹಿಡಿದುಕೊಂಡು...

"ಮತ್ತೆ ನಾನು ಹೊರಟಾಗ ಯಾಕೆ ತಡೀಲಿಲ್ಲ?"

"ಯಾವ ಮುಖ ಇಟ್ಕೊಂಡು ತಡೀಲಿ? ಗಂಡನ್ನ ಕೈ ಹಿಡಿದೋನು ಅಂತಾರೆ. ನಾನು ಬೇಕಾದ ಹೊತ್ತಲ್ಲೇ ಕೈ ಬಿಟ್ಟು ಎದ್ದುಹೋದೆ. ನಿಂಗದು ಗೊತ್ತಾಗಿದೆ, ಅದಕ್ಕೇ ಹೊರಟಿದ್ದೀಯ ಅಂದ್ಕೊಂಡೆ."

ತಂಗುದಾಣದ ಸಂದಿಯಿಂದ ಗಾಳಿ ಬೀಸಿತು. ಇಬ್ಬರೂ ಒಂದೇ ನೋವನ್ನು ಎರಡು ಮನೆಯಲ್ಲಿಟ್ಟುಕೊಂಡು ಸಾಕಿದ್ದರು.

ಅವಳು ಬಲಗೈಯ ಮಾಮೂಲಿ ಉಣ್ಣೆಯ ಗ್ಲೌಸು ಕಳಚಿದಳು. ಎರಡು ಬೆರಳ ತುದಿಯಲ್ಲಿ ಚರ್ಮ ಇನ್ನೂ ನುಣುಪಾಗಿ, ಬೇರೆ ಬಣ್ಣದಲ್ಲಿತ್ತು. ಗಾಯ ಮಾಗಿದ ಮೇಲೆ ಆ ಕೈಯನ್ನು ಅವಳು ಒಮ್ಮೆಯೂ ಅವನಿಗೆ ತೋರಿಸಿರಲಿಲ್ಲ.

"ಈಗ?" ಎಂದಳು. "ಈಗ ಕೈಲಾಗುತ್ತಾ?"

ಅವನು ಎರಡೂ ಕೈಯಲ್ಲಿ ಆ ಬೆರಳುಗಳನ್ನು ಮುಚ್ಚಿಕೊಂಡ. ಈ ಸಲ ಎರಡನೇ ಬೆರಳನ್ನೂ ಬಿಡಲಿಲ್ಲ.

"ಮೇಲೆ ಮಕ್ಕಳು ಕಾಯ್ತಿವೆ," ಎಂದಳು ಕೊನೆಗೆ, ಮೂಗೊರೆಸಿಕೊಳ್ಳುತ್ತ.

"ನೀನು ಮುಂದೆ ಹೋಗು. ನಾನು ಹಿಂದೆ ಇರ್ತೀನಿ."

*

ವಾಪಸ್ ಬಂದಾಗ ಬಿಸಿಲು ಅಂಗಳ ದಾಟುತ್ತಿತ್ತು. ಆಯಮ್ಮ ಕಟ್ಟೆಯಿಂದ ಎದ್ದು, ಇಬ್ಬರೂ ಒಟ್ಟಿಗೆ ಬಂದದ್ದನ್ನು ನೋಡಿ, ಏನೂ ನೋಡದವಳ ಹಾಗೆ ಮನೆಗೆ ಹೊರಟಳು.

ಬೆಟ್ಟದ ಮೇಲೆ ಆಡಿದ ಮಾತು ಮನೆಬಾಗಿಲಿಗೆ ಬಂದ ಕೂಡಲೇ ನಾಚಿಕೊಂಡಿತು. ಇಬ್ಬರಿಗೂ ಹೇಳಬೇಕಾದದ್ದು ಒಂದೇ ಆಗಿತ್ತು. ಇಬ್ಬರೂ ಬೇರೆ ಏನೇನೋ ಹೇಳಿದರು. ಚಾರ್ಜಿಂಗ್ ಸರಿಯಿದೆ ಎಂದ ಅವನು. ಹ್ಯಾಂಡಲಿನ ಕವರ್ ಚೆನ್ನಾಗಿದೆ ಎಂದಳು ಅವಳು. ಮಳೆಯಲ್ಲಿ ಪ್ಲಗ್ಗಿಗೆ ನೀರು ತಾಗದಿರಲಿ ಎಂದ. ಹೂಂ ಎಂದಳು.

ಇರಿ ಅನ್ನು. ಎರಡೇ ಅಕ್ಷರ. ಹೇಳಿಬಿಡು... ಎಂದು ಅವಳ ಮನಸ್ಸು ಒತ್ತಾಯಿಸುತ್ತಿತ್ತು.

ಇರಿ ಅಂತ ಒಂದು ಸಲ ಹೇಳಿದರೆ ಸಾಕು. ಟೂಲ್ಸಿನ ಚೀಲವನ್ನು ಇಲ್ಲೇ ಇಟ್ಟುಬಿಡುತ್ತೇನೆ ಎಂದು ಅವನ ಮನಸ್ಸು ಬೇಡುತ್ತಿತ್ತು.

ಯಾರೂ ಹೇಳಲಿಲ್ಲ. ಅವನು ಹೆಲ್ಮೆಟ್ ಹಾಕಿಕೊಂಡ. ಬೈಕಿಗೆ ಕಿಕ್ ಹೊಡೆದ. ಮಗಳ ಕಡೆ ತಿರುಗಿ, ಯಾವಾಗಲೂ ಹೇಳುವ ಹಾಗೆಯೇ ಹೇಳಿದ.

"ಬರ್ತೀನಿ ಗುಬ್ಬಿ."

ಗುಬ್ಬಿ ಕಟ್ಟೆಯಿಂದ ಇಳಿದು ಬೈಕಿನ ಮುಂದಿನ ಚಕ್ರಕ್ಕೆ ಅಡ್ಡವಾಗಿ ಬಂದು ನಿಂತಳು. ತುಟಿ ಆಡಿತು. ಎಂಜಿನ್ನಿನ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ಅವಳು ಅಮ್ಮನ ಮುಖ ನೋಡಿದಳು, ಬಾಡುತ್ತದೆಯೋ ಎಂದು. ಇವತ್ತು ಆ ಮುಖ ಬಾಡಲಿಲ್ಲ. ಆದರೂ ಮಗು ತುಟಿ ಕಚ್ಚಿಕೊಂಡು ನಿಂತಿತು.

ಅವನು ಎಂಜಿನ್ ಆರಿಸಿದ. ಈ ಸಲ ಆಕ್ಸಿಲರೇಟರ್ ತಿರುಗಿಸುವುದನ್ನೂ ಮರೆತಿದ್ದ. ಹೆಲ್ಮೆಟ್ ತೆಗೆದು, ಬೈಕಿನಿಂದ ಇಳಿದು ಮಗಳೆದುರು ಮಂಡಿಯೂರಿದ.

ಅವಳೂ ಅಂಗಳಕ್ಕೆ ಇಳಿದು ಬಂದಳು. ಬಂದವಳು ಗಂಡನ ಕೋಟಿನ ತೋಳನ್ನು ಮೆಲ್ಲಗೆ ಹಿಡಿದುಕೊಂಡಳು. ಬಲಗೈಯಿಂದಲೇ.

"ಕೇಳು ಪುಟ್ಟಾ," ಎಂದಳು. "ಅಪ್ಪ ಕೇಳಿಸ್ಕೊಳ್ತಾರೆ. ನಾನೂ ಕೇಳಿಸ್ಕೊಳ್ತೀನಿ. ಯಾರೂ ಬೈಯಲ್ಲ."

ಗುಬ್ಬಿ ಅಪ್ಪನನ್ನು ನೋಡಿದಳು. ಅವನ ತೋಳು ಹಿಡಿದಿದ್ದ ಅಮ್ಮನ ಕೈಯನ್ನು ನೋಡಿದಳು.

"ಅಪ್ಪಾ... ನೀನು ಪ್ರತೀ ಸಲ ಬರ್ತೀನಿ, ಬರ್ತೀನಿ ಅಂತೀಯಲ್ಲ... ಹಾಗಂದ್ರೆ ಬರೋದಾ, ಹೋಗೋದಾ?"