ಮೂರು ನೀಲಿ ಗಿಡಗಳು ಮತ್ತು ತೋಟಗಾರ ಚೆನ್ನಿಗ

ಬಹಳ ಕಾಲದ ಹಿಂದೆ, ಮೋಡಕ್ಕಿಂತ ಎತ್ತರದಲ್ಲಿ ಮಂಜಿನಕೋಟೆ ಎಂಬ ರಾಜ್ಯವಿತ್ತು. ಅಲ್ಲಿನ ರಾಜನಿಗೆ ಪದ್ಮಲೆ, ಚಂದಲೆ, ಮಲ್ಲಲೆ ಎಂದು ಮೂವರು ಹೆಣ್ಣುಮಕ್ಕಳು. ಒಂದು ದಿನ ಕರಾಳಕನೆಂಬ ಮಾಂತ್ರಿಕ ಬಂದು ರಾಜ್ಯ ಬಿಟ್ಟುಕೊಡು ಎಂದ. ರಾಜ ಒಪ್ಪಲಿಲ್ಲ. ಮಾಂತ್ರಿಕ ಮೂರು ಚಿಟಿಕೆ ಬೂದಿ ಎರಚಿದ. ಮೂವರು ಹುಡುಗಿಯರೂ ನಿಂತಲ್ಲೇ ಗಿಡಗಳಾದರು. ಈಗಿನವರು ಹೈಡ್ರೇಂಜಿಯಾ ಎನ್ನುತ್ತಾರಲ್ಲ, ತಲೆಗಾತ್ರದ ನೀಲಿ ಗೊಂಚಲು ಬಿಡುವ ಗಿಡ, ಅದೇ.

“ಮೂರು ಹುಣ್ಣಿಮೆ ಹಸುರಾಗಿ ಉಳಿದದ್ದು ಮತ್ತೆ ಹೆಣ್ಣಾಗುತ್ತದೆ. ಎಲೆಯೆಲ್ಲ ಉದುರಿದ್ದು ಮಣ್ಣಾಗುತ್ತದೆ. ಒಂದು ಉಳಿದರೂ ನನ್ನ ಮಾಯೆ ನನ್ನನ್ನೇ ಸುಡುತ್ತದೆ. ಕಾಪಾಡಿಕೊಳ್ಳಿ,” ಎಂದು ನಕ್ಕು ಮಾಂತ್ರಿಕ ಹೋದ.

ಕಾಪಾಡುವ ಕೆಲಸ ಅರಮನೆಯ ತೋಟಗಾರ ಚೆನ್ನಿಗನ ಪಾಲಿಗೆ ಬಂತು. ಅವನಿಗೆ ಕೆಲಸ ಕಲಿಸಿದವಳು ಸಾತಜ್ಜಿ. ಅಜ್ಜಿಗೆ ಕಣ್ಣು ಮಂಜಾಯಿತೆಂದು ರಾಜನ ಕಿವಿಯಲ್ಲಿ ಹೇಳಿ, ಅವಳನ್ನು ಬಿಡಿಸಿ, ಆ ಜಾಗಕ್ಕೆ ಬಂದವನು ಇವನು.

ಮೊದಲ ತಿಂಗಳು ಪದ್ಮಲೆಯ ಗಿಡದ ಕೆಳಗಿನ ಎಲೆಗಳಲ್ಲಿ ಕಂದು ಚುಕ್ಕೆ ಕಾಣಿಸಿತು. ಸುತ್ತ ನೇರಳೆ ಬಣ್ಣದ ಅಂಚು. “ಬಿಸಿಲಿಗೆ ಬಾಡಿದೆ,” ಎಂದುಕೊಂಡ ಚೆನ್ನಿಗ. ದಿನವೂ ಸಂಜೆ ಕೊಡಗಟ್ಟಲೆ ನೀರನ್ನು ಗಿಡದ ತಲೆಯ ಮೇಲೆ ಸುರಿದ.

ಸುದ್ದಿ ಕೇಳಿ ಸಾತಜ್ಜಿ ಕೋಲೂರಿಕೊಂಡು ಬಂದಳು. “ಮಗಾ, ಅದು ಬಿಸಿಲಲ್ಲ, ಚುಕ್ಕೆರೋಗ. ನೀರು ಸಿಡಿದು ಕೆಳಗಿನ ಎಲೆಯಿಂದ ಮೇಲಿನದಕ್ಕೆ ಹತ್ತುತ್ತದೆ. ಬುಡಕ್ಕೆ ಮಾತ್ರ ಹೊಯ್ಯಿ. ಉದುರಿದ್ದನ್ನು ಆರಿಸಿ ಸುಡು.”

“ನಿನಗೆ ಕಣ್ಣು ಕಾಣುವುದಿಲ್ಲ ಅಜ್ಜಿ. ಮನೆಗೆ ಹೋಗು,” ಎಂದ ಚೆನ್ನಿಗ.

ಅಜ್ಜಿ ಹೋದಳು. ಚುಕ್ಕೆ ಗಿಡದ ತುದಿಯವರೆಗೆ ಏರಿತು. ಹುಣ್ಣಿಮೆಯ ಮುಂಜಾನೆ ಕೊನೆಯ ಎಲೆ ಉದುರಿತು. ಗಿಡ ಇದ್ದಲ್ಲಿ ಒಂದು ಹಿಡಿ ಮಣ್ಣಿತ್ತು.

ರಾಜ ಅವನನ್ನು ಬೈಯಲಿಲ್ಲ. ಆ ಮಣ್ಣನ್ನು ಉತ್ತರೀಯದಲ್ಲಿ ಕಟ್ಟಿಕೊಂಡು ಒಳಗೆ ಹೋದ. ಚೆನ್ನಿಗ ಅಲ್ಲಿಂದ ನೇರ ಅಜ್ಜಿಯ ಗುಡಿಸಲಿಗೆ ನಡೆದು, ಬಾಗಿಲಲ್ಲೇ ನಿಂತ.

“ನೀನು ಹೇಳಿದ್ದು ನಿಜವಾಗಿತ್ತು ಅಜ್ಜಿ.”

“ಇನ್ನೆರಡು ಇವೆ, ನಡಿ,” ಎಂದು ಅಜ್ಜಿ ಕೋಲು ತೆಗೆದುಕೊಂಡಳು.

ಎರಡನೆಯ ತಿಂಗಳು ಚಂದಲೆಯ ಎಲೆಗಳ ಮೇಲೆ ಹಿಟ್ಟು ಉದುರಿಸಿದಂತೆ ಬಿಳುಪು ಬಂತು. ಅಜ್ಜಿ ಬೆರಳಿನಿಂದ ಒರೆಸಿ ಮುಟ್ಟಿ ನೋಡಿದಳು. “ಬೂದಿರೋಗ. ಗಾಳಿಯಾಡದೆ ಬಂದದ್ದು.” ಚೆನ್ನಿಗ ಒತ್ತಾದ ಕಡ್ಡಿಗಳನ್ನು ಸವರಿ ತೆಗೆದ, ಕೆಟ್ಟ ಎಲೆ ಸುಟ್ಟ, ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ಬೆಳಗ್ಗೆ ಚಿಮುಕಿಸಿದ. ಬಿಳುಪು ಹರಡುವುದು ನಿಂತಿತು.

ಮೂರನೆಯ ತಿಂಗಳು ಮಲ್ಲಲೆಯ ಚಿಗುರು ಮುರುಟಿತು. ಎಲೆ ಅಂಟಂಟಾಯಿತು, ಇರುವೆ ಸಾಲುಗಟ್ಟಿತು. ಈ ಸಲ ಚೆನ್ನಿಗ ಮೊಣಕಾಲೂರಿ ಎಲೆಯನ್ನು ಮಗುಚಿ ನೋಡಿದ. ಅಡಿಯಲ್ಲೆಲ್ಲ ಹಸಿರು ಹೇನು.

“ಇರುವೆ ಅವುಗಳ ದನಗಾಹಿ,” ಎಂದಳು ಅಜ್ಜಿ. “ಹೇನು ಸುರಿಸುವ ಸಿಹಿಗಾಗಿ ಅವನ್ನು ಕಾಯುತ್ತವೆ.”

ಅಂಟುವಾಳದ ನೊರೆಗೆ ಬೇವಿನೆಣ್ಣೆ ಕೂಡಿಸಿ ಪ್ರತಿ ಎಲೆಯ ಅಡಿಯನ್ನೂ ತೊಳೆದ. ಮತ್ತೆ ಬಂದವು, ಮತ್ತೆ ತೊಳೆದ. ಮೂರನೆಯ ಹುಣ್ಣಿಮೆಗೆ ಎರಡು ಗಿಡಗಳು ಹಸುರಾಗಿ ನಿಂತಿದ್ದವು.

ಸೂರ್ಯ ಹುಟ್ಟುತ್ತಲೇ ದೂರದ ಗುಡ್ಡದ ಮೇಲೆ ಕರಾಳಕ ಕರ್ಪೂರದಂತೆ ಉರಿದುಹೋದ. ಚಂದಲೆ, ಮಲ್ಲಲೆ ಕೂದಲಿನ ಎಲೆ ಕೊಡವುತ್ತ ಎದ್ದರು. ರಾಜ ಡಂಗುರ ಸಾರಿಸಿದ, ಊರಿಗೆ ಊರೇ ಉಂಡು ನಲಿಯಿತು.

ಚೆನ್ನಿಗ ಊಟಕ್ಕೆ ಹೋಗಲಿಲ್ಲ. ಮಲ್ಲಲೆ ಹುಡುಕಿಕೊಂಡು ತೋಟಕ್ಕೆ ಬಂದಳು.

“ದೊಡ್ಡಮ್ಮಣ್ಣಿ ಪದ್ಮಲೆಯವರು ನನ್ನನ್ನು ಶಪಿಸಿರಬೇಕು ತಾಯಿ,” ಎಂದ ಚೆನ್ನಿಗ.

“ಇಲ್ಲ. ನಮ್ಮ ಬೇರುಗಳು ತಾಗಿಕೊಂಡಿದ್ದವು, ಅಕ್ಕನ ಮಾತು ನಮಗೆ ಕೇಳುತ್ತಿತ್ತು. ನೀನು ಕೊಡ ಹೊತ್ತು ಬಂದಾಗಲೆಲ್ಲ, ‘ಪಾಪ, ಎಷ್ಟು ದಣಿಯುತ್ತಾನೆ’ ಎನ್ನುತ್ತಿದ್ದಳು.”

ಚೆನ್ನಿಗ ಮುಖ ತಿರುಗಿಸಿಕೊಂಡ. ಮಂಜಿನಕೋಟೆಯ ಜನ ಮುಂದೆ ಬಹುಕಾಲ ಸುಖವಾಗಿ ಬಾಳಿದರು. ಅವನೂ ಅವರ ನಡುವೆ, ಆ ಮಾತನ್ನು ಮರೆಯಲಾಗದೆ, ಮುದುಕನಾಗುವವರೆಗೆ ಬಾಳಿದ.