ಹುರಿಯೋ ಹುಳಿಯೋ

ಮೊದಲ ತುತ್ತಿಗೇ ನಿವೃತ್ತ ಇನ್‌ಸ್ಪೆಕ್ಟರು ಕಳ್ಳಮಾಲು ಪತ್ತೆಹಚ್ಚಿಬಿಟ್ಟರು.

ಹೊಸ ಹೋಟೆಲಿಗೆ ಮಗಳು ಬಲವಂತದಿಂದ ಕರೆತಂದಿದ್ದಳು. ಮೆಕ್ಸಿಕೋದ ಜೋಳದ ರೊಟ್ಟಿ, ಒಳಗೆ ಕೊರಿಯಾದ ಎಲೆಕೋಸು. ಇದೆಂಥ ಕಲಬೆರಕೆ ಎಂದು ಗೊಣಗುತ್ತಲೇ ಕಚ್ಚಿದರು. ಮೇಲೆ ಸವರಿದ್ದ ಕೆಂಪು ಚಟ್ನಿ ನಾಲಗೆಗೆ ತಾಗಿತು. ಕಣ್ಣು ತುಂಬಿ ಬಂತು.

“ಇದು ನಿಮ್ಮಮ್ಮನ ಚಟ್ನಿ.”

ಹೆಂಡತಿ ತೀರಿಕೊಂಡ ತಿಂಗಳಲ್ಲೇ ಆಕೆಯ ಅಡುಗೆ ಪುಸ್ತಕ ಕಾಣೆಯಾಗಿತ್ತು. ನಾದಿನಿಯೇ ಒಯ್ದಳೆಂದು ತೀರ್ಮಾನಿಸಿ, ನಾಲ್ಕು ವರ್ಷದಿಂದ ಆಕೆಯೊಂದಿಗೆ ಮಾತು ಬಿಟ್ಟಿದ್ದರು. ಅಕ್ಕತಂಗಿಯರು ಒಲೆ ಮುಂದೆ ನಿಂತು ಹರಟುತ್ತಿದ್ದ ಭಾನುವಾರಗಳನ್ನು ನೆನೆದರೆ ಈಗಲೂ ಎದೆ ಭಾರವಾಗುತ್ತಿತ್ತು.

“ನಾನು ಹೇಳ್ಲಿಲ್ವಾ? ನಿಮ್ಮ ಚಿಕ್ಕಮ್ಮಂದೇ ಕೆಲಸ.”

“ಸುಮ್ನಿರಪ್ಪಾ. ಮೊದಲು ತಿನ್ನು.”

ಎರಡನೇ ತುತ್ತು. ಹುಬ್ಬು ಗಂಟಿಕ್ಕಿತು. ಒಡತಿಯನ್ನು ಕರೆದರು.

“ಬೆಳ್ಳುಳ್ಳಿ ಹುರಿಯಲ್ವೇನಮ್ಮಾ?”

“ಇಲ್ಲ ಸಾರ್. ಹಸಿದನ್ನೇ ಹುಳಿಲಿ ನೆನೆಹಾಕ್ತೀನಿ.”

“ಯಾರು ಹೇಳಿಕೊಟ್ರು?”

“ಯಾರೂ ಇಲ್ಲ. ಒಂದು ಹಳೇ ಪುಸ್ತಕದಲ್ಲಿತ್ತು.”

“ಪುಸ್ತಕ — ಎಲ್ಲಿ ಸಿಕ್ತು?”

“ರದ್ದಿ ಅಂಗಡಿಲಿ, ಪತ್ರಿಕೆ ಕಟ್ಟಿನ ಮಧ್ಯೆ. ಎಂಥಾ ಗಂಟು ಅಂತೀರಿ! ಬಿಚ್ಚೋಕಾಗದೆ ದಾರ ಕತ್ತರಿಸಿದೆ.”

ಒಡತಿ ಪುಸ್ತಕ ತಂದಿಟ್ಟಳು. ಪುಟದ ಗುರುತಿಗೆಂದು ಅದೇ ದಾರದ ತುಂಡನ್ನು ಇಟ್ಟುಕೊಂಡಿದ್ದಳು, ಗಂಟಿನ ಸಮೇತ. ಹೆಂಡತಿಯ ಅಕ್ಷರದ ಮೇಲೆ ಬೆರಳಾಡಿಸಿದ ಇನ್‌ಸ್ಪೆಕ್ಟರು ಗಂಟನ್ನು ನೋಡಿ ಬಿಳಿಚಿಕೊಂಡರು.

“ಏನಾಯ್ತಪ್ಪಾ?”

“ನಿಮ್ಮಮ್ಮನ ‘ರ’ಕ್ಕೆ ಯಾವಾಗ್ಲೂ ಒಂದು ಬಾಲ. ಓದೋರಿಗೆ ‘ಳ’ ಥರ ಕಾಣುತ್ತೆ. ಇಲ್ಲಿರೋದು ‘ಹುರಿ’, ಈಯಮ್ಮ ‘ಹುಳಿ’ ಅಂತ ಓದಿದ್ದಾರೆ. ನಿಮ್ಮ ಚಿಕ್ಕಮ್ಮ ಒಲೆ ಮುಂದೆ ನಿಂತು ಕಲಿತವಳು. ಅವಳು ಹೇಳಿಕೊಟ್ಟಿದ್ರೆ ಈ ತಪ್ಪು ಆಗ್ತಿರ್ಲಿಲ್ಲ.”

“ಮತ್ತೆ ಕಳ್ಳ ಯಾರು?”

“ಮೂರು ಸುತ್ತು, ಎರಡು ಗಂಟು, ತುದಿ ಒಳಗೆ. ಮೂವತ್ತು ವರ್ಷ ಕೇಸಿನ ಕಡತಗಳನ್ನ ಹೀಗೆ ಕಟ್ಟಿದವನು ಒಬ್ಬನೇ. ಆ ತಿಂಗಳು ಮನೆ ರದ್ದಿ ಕಟ್ಟಿ ಹಾಕಿದ್ದೂ ಅವನೇ. ಅಳ್ತಾ ಅಳ್ತಾ ಕಟ್ಟಿದ, ಒಳಗೇನಿದೆ ಅಂತ ನೋಡ್ಲಿಲ್ಲ.”

ಮಗಳು ತಂದೆಯ ಕೈ ಹಿಡಿದುಕೊಂಡಳು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲಾ ಹುಡುಕಿದ ಮನುಷ್ಯ ಅಲ್ಲೇ ಕುಳಿತು ನಾದಿನಿಗೆ ಫೋನ್ ಮಾಡಿದರು.

“ಪುಸ್ತಕದ ಕಳ್ಳ ಸಿಕ್ಕಿದ ಕಣಮ್ಮಾ. ನಾನೇ. ತಪ್ಪಾಯ್ತು.”

ಆ ಕಡೆಯಿಂದ ಮೂಗೊರೆಸಿಕೊಂಡ ಸದ್ದು.

“ಭಾನುವಾರ ಬರ್ತೀನಿ. ಬೆಳ್ಳುಳ್ಳಿ ಸುಲಿದಿಟ್ಟಿರಿ ಭಾವ, ಹುರಿಯೋದು ನಾನು.”