ಸಹಿ ಬೀಳದ ಹೆಸರು

ಕಾಲು ಕಳೆದುಕೊಂಡವರನ್ನು ಮತ್ತೆ ನಡೆಸುವುದೇ ಕಸುಬಾಗಿದ್ದ ಇಬ್ಬರು ಅರ್ಜಿಯ ಮೊದಲ ಸಾಲಿನಲ್ಲೇ ಎಡವಿದರು ಎಂದರೆ ನೀವು ನಗಬಹುದು. ಅವರಿಗೇನೂ ನಗು ಬಂದಿರಲಿಲ್ಲ.

ಅವನು ಕೃತಕ ಕಾಲು ತಯಾರಿಸುವವನು. ಅವಳು ಆ ಕಾಲು ತೊಟ್ಟವರಿಗೆ ನಡೆಯಲು ಕಲಿಸುವ ಫಿಸಿಯೋಥೆರಪಿಸ್ಟ್. ಹತ್ತು ವರ್ಷ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ದುಡಿದು, ಈಗ ಸ್ವಂತ ಕಂಪನಿ ತೆರೆಯಲು ಹೊರಟಿದ್ದರು. ಎರಡು ಕೋಣೆ, ಕಾಲಿನ ಅಚ್ಚಿಗೆ ಪ್ಲಾಸ್ಟರ್ ಚೀಲಗಳು, ಹಿಡಿದು ನಡೆಯಲು ಗೋಡೆಯುದ್ದದ ಕಂಬಿ, ಆಳೆತ್ತರದ ಕನ್ನಡಿ, ಎಲ್ಲ ಸಿದ್ಧವಾಗಿತ್ತು. ನೋಂದಣಿ ಅರ್ಜಿಗೆ ಬೇಕಾದ ಹೆಸರೊಂದೇ ಇರಲಿಲ್ಲ.

"ಹೇಳಿ, ಏನಂತ ಟೈಪ್ ಮಾಡ್ಲಿ?" ಲ್ಯಾಪ್‌ಟಾಪ್ ಮುಂದೆ ಕೂತು ಅವಳು ಕೇಳಿದಳು.

ಅವನು ಕೈಯ ಪ್ಲಾಸ್ಟರ್ ಒರೆಸಿಕೊಳ್ಳುತ್ತ, ತಲೆಯೆತ್ತದೆ, ಅವಳ ಗಂಡನ ಹೆಸರು ಹೇಳಿದ.

ನಾಲ್ಕು ವರ್ಷದ ಹಿಂದೆ ತೀರಿಕೊಂಡ ಆ ಗಂಡ ಇವನ ಜೀವದ ಗೆಳೆಯ. ಸ್ವಂತ ಕಂಪನಿಯ ಕನಸು ಮೊದಲು ಕಂಡವನೂ ಅವನೇ. ಮಾತು ಕಡಿಮೆಯೆಂದು ಇವನಿಗೆ 'ಮೌನಿ' ಎಂಬ ಅಡ್ಡಹೆಸರು ಅಂಟಿಸಿದವನೂ ಅವನೇ.

ಅವಳ ಬೆರಳುಗಳು ಕೀಲಿಗಳ ಮೇಲೆ ನಿಂತವು. ಒಮ್ಮೆ ಕಣ್ಣೆತ್ತಿ ಮೌನಿಯನ್ನು ನೋಡಿದಳು. ಏನೋ ಹೇಳುತ್ತಾಳೆ ಅನ್ನಿಸಿತು. "ಅದೇ ಅಲ್ವಾ, ಬೇರೇನಿದೆ" ಎಂದಷ್ಟೇ ಹೇಳಿ ಟೈಪ್ ಮಾಡಿದಳು.

"ಫೋನ್ ಬಂದಿದೆ ಅನ್ಕೊಂಡು ಒಂದ್ಸಲ ಹೇಳಿ ನೋಡಿ," ಎಂದ.

ಅವಳು ಸ್ಟೇಪ್ಲರನ್ನು ಕಿವಿಗಿಟ್ಟುಕೊಂಡಳು. "ನಮಸ್ಕಾರ..." ಆಮೇಲೆ ಹೆಸರು ಅರ್ಧಕ್ಕೇ ನಿಂತಿತು. ಕೆಮ್ಮಿದಳು. "ಧೂಳು," ಎಂದಳು. ಧೂಳೇನೋ ಇತ್ತು, ಸುಳ್ಳಲ್ಲ.

ಮೌನಿಗೆ ಅವಳೆಂದರೆ ಪ್ರಾಣ. ಒಂದೂವರೆ ವರ್ಷದಿಂದ ಹೇಳಬೇಕು ಹೇಳಬೇಕು ಎಂದು ತುದಿನಾಲಿಗೆಗೆ ಬಂದದ್ದನ್ನು ನುಂಗಿಕೊಂಡೇ ಬಂದಿದ್ದ. ಗೆಳೆಯನ ಹೆಸರಿನ ಬೋರ್ಡು ಏರಿತೆಂದರೆ ಮುಗಿಯಿತು, ಅದರ ಕೆಳಗೆ ನಿಂತು ಆ ಮಾತು ಆಡಲು ಅವನಿಂದಾಗದು. ಆದರೂ ಅದೇ ಹೆಸರನ್ನು ಹೇಳಿದ. ಅವಳ ಮನಸ್ಸಿನಲ್ಲಿರುವುದು ಅದೊಂದೇ ಎಂದು ನಂಬಿದ್ದನಲ್ಲ, ಅವಳ ಆಸೆಗೆ ಅಡ್ಡ ಬರಲು ಅವನಿಗೆ ಮನಸ್ಸಾಗಲಿಲ್ಲ.

ತೀರಿಕೊಂಡವರ ಹೆಸರಿಡಬೇಕಾದರೆ ಹೆಂಡತಿ, ತಾಯಿ ಇಬ್ಬರ ಒಪ್ಪಿಗೆ ಪತ್ರವೂ ಬೇಕಿತ್ತು. ಅವಳು ಅಲ್ಲೇ ಸಹಿ ಹಾಕಿದಳು. ಮಾರನೆಯ ಬೆಳಿಗ್ಗೆ ಮೌನಿ ಪತ್ರ ಹಿಡಿದು ಗೆಳೆಯನ ತಾಯಿಯ ಬಳಿ ಹೋದ. ಅತ್ತೆ ಸೊಸೆ ಒಂದೇ ಮನೆಯಲ್ಲಿದ್ದರೂ, ಹೆಸರು ಹೇಳಿದವನು ತಾನು, ಕೇಳಬೇಕಾದವನೂ ತಾನೇ ಎಂದುಕೊಂಡಿದ್ದ.

ಕಿಟಕಿ ಪಕ್ಕ ಕೂತು ಗುಂಡಿ ಹೊಲಿಯುತ್ತಿದ್ದ ಅಮ್ಮ ಪತ್ರವನ್ನು ಎರಡು ಸಲ ಓದಿದರು. ನಾಲ್ಕು ಮಡಿಕೆ ಮಡಿಸಿದರು.

"ನಾನು ಸಹಿ ಹಾಕಲ್ಲ ಕಣಪ್ಪ."

"ತಪ್ಪಾಯ್ತಾ ಅಮ್ಮ? ಅವನ ನೆನಪಿಗೆ ಅಂತ..."

"ಹೆತ್ತವಳಿಗೆ ನೆನಪಿಗೆ ಬೋರ್ಡ್ ಬೇಕೇನೋ? ನಾಳೆ ಯಾರೋ ಬಂದು, ಕಾಲು ಸರಿಯಾಗಿ ಕೂತಿಲ್ಲ ಅಂತ ನನ್ನ ಮಗನ ಹೆಸರು ಹಿಡಿದು ಕೂಗಾಡ್ತಾರೆ. ಅದೂ ಹೋಗ್ಲಿ. ಆ ಬೋರ್ಡ್ ಕೆಳಗೆ ನನ್ನ ಸೊಸೆ ನಗೋದು ಹೇಗೆ? ಅವಳಿಗಿನ್ನೂ ಮೂವತ್ತಾರು."

ಅಮ್ಮ ಮತ್ತೆ ಸೂಜಿ ಕೈಗೆತ್ತಿಕೊಂಡರು.

"ಹೊಸ ಕಾಲು ಹಾಕಿದವರ ಹಿಂದೆ ನೀನು ಕೈ ಚಾಚ್ಕೊಂಡು ಬರ್ತೀಯಲ್ಲ, ಬಿದ್ರೆ ಹಿಡಿಯೋಣ ಅಂತ, ಮುಟ್ಟದೇನೇ? ಇವಳ ಹಿಂದೆನೂ ಹಾಗೇ ಬರ್ತಿದ್ದೀಯ. ಕನ್ನಡಕ ಹಾಕ್ಕೊಂಡಿದ್ದೀನಿ ಅಂದ್ರೆ ಕಾಣಲ್ಲ ಅಂತಲ್ಲ."

ಅವನಿಗೆ ನೆಲ ಬಿರಿದು ಒಳಗೆಳೆದುಕೊಂಡರೆ ಸಾಕೆನಿಸಿತು.

"ಅಮ್ಮ, ನಾನು ಯಾವತ್ತೂ..."

"ಗೊತ್ತು. ಅದಕ್ಕೇ ಹೇಳ್ತಿರೋದು. ಹೋಗು, ಇನ್ನಾದ್ರೂ ಬಾಯಿ ಬಿಡು."

ಹದಿನೈದು ನಿಮಿಷದ ದಾರಿಯನ್ನು ಮೌನಿ ಮುಕ್ಕಾಲು ಗಂಟೆ ನಡೆದ. ಕಂಪನಿಯ ಬಾಗಿಲಲ್ಲೇ ಅವಳು ಕೇಳಿದಳು.

"ಸಹಿ ಆಯ್ತಾ?"

"ಇಲ್ಲ. ಆ ಹೆಸರು ಬೇಡವಂತೆ."

ಅವಳು ಬೆಂಚಿನ ಮೇಲೆ ಕುಸಿದಳು. ಅತ್ತೆಗೆ ನೋವಾಯಿತೆಂದು ಅಳುತ್ತಾಳೇನೋ ಎಂದು ಅವನು ಗಾಬರಿಯಾದ. ಅವಳೋ ದೀರ್ಘವಾಗಿ ಉಸಿರು ಬಿಟ್ಟಳು. ಬಿಗಿಹಿಡಿದ ಭುಜಗಳು ಇಳಿದವು.

"ನಿಮಗೆ ಬೇಜಾರಾಯ್ತಾ?" ಮೆಲ್ಲಗೆ ಕೇಳಿದಳು.

"ನಿಮಗೆ?"

"ನಾನು ಟೈಪ್ ಮಾಡಿದ್ದೇ ನಿಮಗೋಸ್ಕರ. ಬೇಡ ಅಂದ್ರೆ ಇವಳೆಂಥ ಹೆಂಡತಿ ಅಂದ್ಕೋತೀರೇನೋ ಅಂತ."

"ನಾನು ಹೇಳಿದ್ದು ನಿಮಗೋಸ್ಕರ."

ಇಂಥ ಬುದ್ಧಿವಂತರಿಗೆ ಏನು ಹೇಳೋಣ! ಇಬ್ಬರಿಗೂ ಬೇಡದ ಹೆಸರನ್ನು ಒಬ್ಬರ ಮುಖ ನೋಡಿ ಇನ್ನೊಬ್ಬರು ಸರ್ಕಾರದ ಅರ್ಜಿಯವರೆಗೆ ತಂದಿದ್ದರು.

"ಆ ಬೋರ್ಡ್ ಕೆಳಗೆ ಕೂತು ನಿಮ್ಮನ್ನ ನೋಡೋಕೆ ನನ್ನ ಕೈಲಿ ಆಗ್ತಿರ್ಲಿಲ್ಲ," ಎಂದ ಮೌನಿ.

"ಯಾಕೆ?"

ಯಾಕೆಂದು ಅವಳಿಗೆ ಗೊತ್ತಿತ್ತು. ಕೆಳತುಟಿ ಕಚ್ಚಿಕೊಂಡದ್ದರಲ್ಲೇ ತಿಳಿಯುತ್ತಿತ್ತು. ಅವನು ಎದುರಿನ ಕನ್ನಡಿಯಲ್ಲಿ ಅವಳ ಮುಖ ಹುಡುಕಿದ.

"ಕನ್ನಡಿಗೆ ಹೇಳ್ಬೇಡಿ. ನಾನು ಇಲ್ಲಿದ್ದೀನಿ."

ಅವನು ತಿರುಗಿದ. "ನೀವಂದ್ರೆ ನನಗೆ ಇಷ್ಟ. ತುಂಬ. ಅವನು ಇದ್ದಾಗ ಈ ಯೋಚನೆನೇ ಇರ್ಲಿಲ್ಲ, ನನ್ನಾಣೆ."

ಅವಳ ಕಣ್ಣು ತುಂಬಿ ಬಂತು. ಬೆಂಚಿನ ಪ್ಲಾಸ್ಟರ್ ಧೂಳು ಮೆತ್ತಿದ ಕೈಯ ಹಿಂಬದಿಯಿಂದ ಒರೆಸಿಕೊಂಡು ಕೆನ್ನೆಯೆಲ್ಲ ಬೆಳ್ಳಗೆ ಮಾಡಿಕೊಂಡಳು.

"ನನಗೂ ಇಷ್ಟ. ಆದ್ರೆ ಅವರನ್ನ ನಾನು ಮರೆತಿಲ್ಲ. ಮರೆಯೋದೂ ಇಲ್ಲ."

"ಮರೀಬೇಡಿ. ನಾನೂ ಮರೆಯಲ್ಲ."

ಅರ್ಜಿ ಕಳಿಸಲು ಅಂದೇ ಕಡೆಯ ದಿನವಾದ್ದರಿಂದ ಕೊನೆಗೆ ಲ್ಯಾಪ್‌ಟಾಪ್ ಎಳೆದುಕೊಳ್ಳಲೇಬೇಕಾಯಿತು. ಅವನು ಹೇಳಿದ ಹೆಸರು ಚಪ್ಪಲಿ ಅಂಗಡಿಯದಂತಿದೆ ಎಂದಳು. ಅವಳದು ಕೆಮ್ಮಿನ ಔಷಧಿಯಂತಿದೆ ಎಂದ. ಕೊನೆಗೆ ಅವಳು, "ನಾವು ಕಲಿಸೋದು ಏನು? ಅದನ್ನೇ ಇಡೋಣ," ಎಂದು 'ನಡಿಗೆ' ಎಂದು ಟೈಪ್ ಮಾಡಿ, ಜೋರಾಗಿ ಓದಿದಳು. ಈ ಸಲ ದನಿ ಎಲ್ಲೂ ಸಿಕ್ಕಿಕೊಳ್ಳಲಿಲ್ಲ.

ಮಧ್ಯಾಹ್ನ ಇಬ್ಬರೂ ಮನೆಗೆ ಹೋದರು. ಅಮ್ಮ ಅವಳ ಕೆನ್ನೆಯ ಬಿಳಿಯನ್ನೂ ಅವನ ಮುಖವನ್ನೂ ನೋಡಿದರು.

"ಏನಂತ ಇಟ್ರಿ?"

"ನಡಿಗೆ, ಅತ್ತೆ."

ಅಮ್ಮ ಎರಡು ಸಲ ಹೇಳಿಕೊಂಡರು. "ಚೆನ್ನಾಗಿದೆ. ಅವನ ಹೆಸರು ನನ್ನ ಹತ್ತಿರ ಇರ್ಲಿ. ಅವನನ್ನ ಕರೆಯೋಕೆ ನಾನಿದ್ದೀನಿ. ನೀವಿಬ್ಬರೂ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೀರಿ."

ಹಾಗೆಂದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ, ಊಟಕ್ಕೆ ಬಾ ಎಂದು ಮಗುವನ್ನು ಕರೆಯುವ ದನಿಯಲ್ಲಿ ಅವರು ಮಗನ ಹೆಸರನ್ನು ಒಂದೇ ಒಂದು ಸಲ ಕರೆದದ್ದು ಕೇಳಿಸಿತು.

ಹೊರಗೆ ಅವಳು ಮೌನಿಯ ಕೈ ಹಿಡಿದಳು. ಅಮ್ಮ ಮತ್ತೆ ಹೊರಗೆ ಬಂದಾಗಲೂ ಬಿಡಲಿಲ್ಲ.